ಹಳೆಯ ಗಿಟಾರನ್ನು ಅಳೆದು ಹೊಸದನ್ನು ಆರಿಸಿದ ಬಗೆ

ನಮ್ಮ ಮನೆಯವರು ಕಲಬುರಗಿಯಲ್ಲಿ ವಚನ ಗಾಯನಕ್ಕೂ ಸುಗಮ ಸಂಗೀತಕ್ಕೂ ಗಿಟಾರ್ ಸಾಥ್ ಕೊಡುವ ಕಲಾವಿದರು. ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಹಾಡು ಕೇಳಿ ತಲೆದೂಗಬಲ್ಲೆನೇ ಹೊರತು ಶ್ರುತಿ ಸೇರಿದೆಯೋ ಇಲ್ಲವೋ ಎಂದು ಹೇಳುವಷ್ಟು ಕಿವಿ ನನಗಿಲ್ಲ. ಅವರಿಗೆ ಒಂದು ಒಳ್ಳೆಯ ಗಿಟಾರನ್ನು ಉಡುಗೊರೆಯಾಗಿ ಕೊಡಬೇಕೆಂದು ನಿಶ್ಚಯಿಸಿದಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಅವರ ಹಳೆಯ ಗಿಟಾರನ್ನು. ವರ್ಷಗಟ್ಟಲೆ ಒಬ್ಬರ ಕೈಯಲ್ಲಿ ಆಡಿದ ವಾದ್ಯದ ಮೇಲೆ ಆ ಕೈಯ ಅಭ್ಯಾಸವೆಲ್ಲ ಸವೆತದ ರೂಪದಲ್ಲಿ ಉಳಿದಿರುತ್ತದೆ. ಅದನ್ನು ಓದುವುದಕ್ಕೆ ಸಂಗೀತ ಬರಬೇಕಾಗಿಲ್ಲ, ಉಕ್ಕಿನ ಅಳತೆಪಟ್ಟಿಯೊಂದಿದ್ದರೆ ಸಾಕು. ಕಲಾವಿದರ ಬಾಳಸಂಗಾತಿಗಳು ಬಹುಮಟ್ಟಿಗೆ ಮರ, ಮೆರುಗು, ಕಂಪನಿಯ ಹೆಸರು ಇವುಗಳಿಂದ ಹುಡುಕಾಟ ಆರಂಭಿಸುತ್ತಾರೆ. ಅವೆಲ್ಲವೂ ಕೈಯ ಅಳತೆ ಗೊತ್ತಾದ ಮೇಲಿನ ಮಾತುಗಳು ಎಂಬುದು ನನ್ನ ಅಭಿಪ್ರಾಯ.

ಗಿಟಾರಿನ ಕುತ್ತಿಗೆಯ ತುದಿಯಲ್ಲಿ, ಬಿರಡೆಗಳಿಂದ ಇಳಿದ ತಂತಿಗಳು ಹಾದು ಬರುವ ಸಣ್ಣ ಬಿಳಿ ಪಟ್ಟಿಗೆ ನಟ್ ಎನ್ನುತ್ತಾರೆ. ಅದರ ಅಗಲವೇ ಮೊದಲ ಅಳತೆ. ಉಕ್ಕಿನ ತಂತಿಯ ಗಿಟಾರುಗಳಲ್ಲಿ ಅದು ಸಾಮಾನ್ಯವಾಗಿ 43 ಮಿಲಿಮೀಟರ್ ಅಥವಾ 44.5 ಮಿಲಿಮೀಟರ್ ಇರುತ್ತದೆ; ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ 52ರ ಸುಮಾರು. ಕಾಗದದ ಮೇಲೆ ಒಂದೂವರೆ ಮಿಲಿಮೀಟರ್ ಎಂಬುದು ಏನೂ ಅಲ್ಲವೆನಿಸಿದರೂ, ಕತ್ತಲ ವೇದಿಕೆಯಲ್ಲಿ ಗಾಯಕರ ಮುಖ ನೋಡುತ್ತ ಬೆರಳಿಡುವವರಿಗೆ ಅದು ತಂತಿ ತಪ್ಪುವಷ್ಟು ದೂರ. ನಮ್ಮ ಮನೆಯ ಗಿಟಾರ್ 43 ಇತ್ತು. ಆದ್ದರಿಂದ ಹೊಸದೂ 43 ಇರಬೇಕು ಎಂದು ಬರೆದುಕೊಂಡೆ, ಮತ್ತು ಅಲ್ಲಿಗೇ ಪೇಟೆಯ ಅರ್ಧ ಗಿಟಾರುಗಳು ಪಟ್ಟಿಯಿಂದ ಹೊರಗಾದವು. ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಸಣ್ಣ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ನಟ್‌ನಿಂದ 12ನೆಯ ಫ್ರೆಟ್‌ವರೆಗೆ ಅಳೆದು ಅದನ್ನು ಇಮ್ಮಡಿಸಿದರೆ ತಂತಿಯ ಮಿಡಿಯುವ ಉದ್ದ ಸಿಗುತ್ತದೆ, ಏಕೆಂದರೆ 12ನೆಯ ಫ್ರೆಟ್ ತಂತಿಯನ್ನು ಸರಿಯಾಗಿ ಅರ್ಧಕ್ಕೆ ಕಡಿದು ಮೇಲಿನ ಸಪ್ತಕದ ಷಡ್ಜವನ್ನು ಕೊಡುವ ಜಾಗ. ಅದು ನಮ್ಮಲ್ಲಿ 650 ಮಿಲಿಮೀಟರ್ ಇತ್ತು.

ಇನ್ನು ಸವೆತ. ಫ್ರೆಟ್‌ಗಳ ಲೋಹದ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಎಲ್ಲೆಲ್ಲಿ ತಗ್ಗು ಬಿದ್ದಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಈ ಗಿಟಾರಿನಲ್ಲಿ ತಗ್ಗುಗಳೆಲ್ಲ ಮೊದಲ ಐದು ಫ್ರೆಟ್‌ಗಳೊಳಗೇ ಇದ್ದವು. ಏಳರ ಮೇಲೆ ಲೋಹ ಹೊಸದರಂತೆಯೇ ಹೊಳೆಯುತ್ತಿತ್ತು. ಕುತ್ತಿಗೆಯ ಹಿಂಬದಿಯಲ್ಲಿ, ಮೊದಲ ಫ್ರೆಟ್‌ನ ನೇರಕ್ಕೆ, ಮೆರುಗು ಒತ್ತಿ ಮಂಕಾದ ಒಂದು ಅಡ್ಡಪಟ್ಟೆ ಇತ್ತು. ಅದು ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿಹಿಡಿಯುವ ಚಿಮಟ, ಕಚ್ಚಿ ಕಚ್ಚಿ ಉಳಿದ ಗುರುತು.

ಆ ಗುರುತಿನ ಅರ್ಥ ತಿಳಿಯುವುದಕ್ಕೆ ನಮ್ಮ ಕಡೆಯ ಗಾಯನದ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಇಲ್ಲಿನ ಹಾಡುಗಾರರು ಷಡ್ಜವನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ: ಗಂಡಸರು ಬಹಳ ಸಲ ಕಪ್ಪು 1 ಅಥವಾ ಕಪ್ಪು 2, ಹೆಂಗಸರು ಕಪ್ಪು 4 ಅಥವಾ ಕಪ್ಪು 5. ಪಾಶ್ಚಾತ್ಯ ಹೆಸರಿನಲ್ಲಿ ಇವು ಕ್ರಮವಾಗಿ ಸಿ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್. ಗಿಟಾರಿನ ತೆರೆದ ತಂತಿಗಳು ಇ, ಎ, ಡಿ, ಜಿ, ಬಿ, ಇ. ಅಂದರೆ ಒಂದಾದರೂ ಕಪ್ಪು ಮನೆಯಲ್ಲ. ತೆರೆದ ತಂತಿಯ ಝೇಂಕಾರ ಉಳಿಸಿಕೊಂಡು ಕಪ್ಪು ಮನೆಯ ಷಡ್ಜಕ್ಕೆ ನುಡಿಸಬೇಕಾದರೆ ಮೊದಲ ಫ್ರೆಟ್‌ಗೆ ಕೇಪೋ ಹಾಕುವುದು ಸಹಜ ದಾರಿ. ಆಗ ಸಿ, ಡಿ, ಜಿ, ಎ ಎಂಬ ಸರಳ ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಆಕಾರವೇ ಕಪ್ಪು 1, 2, 4, 5 ಆಗಿ ನುಡಿಯುತ್ತದೆ. ಕಪ್ಪು 3 ಬೇಕಾದರೆ ಎರಡನೆಯ ಫ್ರೆಟ್‌ಗೆ ಕೇಪೋ ಇಟ್ಟು ಇ ಆಕಾರವನ್ನು ಹಿಡಿಯುತ್ತಾರೆ. ಹೀಗಾಗಿ ನಮ್ಮ ಮನೆಯವರ ಗಿಟಾರ್ ಬಾಳಿನ ಹೆಚ್ಚು ಕಾಲವನ್ನು ಕೇಪೋ ಕೆಳಗೇ ಕಳೆದಿದೆ. ಕೇಪೋ ಬಿಗಿದಾಗ ತಂತಿ ಸ್ವಲ್ಪ ಹೆಚ್ಚಿಗೆ ಎಳೆದುಕೊಂಡು ಶ್ರುತಿ ಮೇಲೇರುತ್ತದೆ. ಫ್ರೆಟ್ ಎತ್ತರವಿದ್ದಷ್ಟೂ, ಕೇಪೋ ಸ್ಪ್ರಿಂಗ್ ಗಡುಸಾದಷ್ಟೂ ಈ ತೊಂದರೆ ಹೆಚ್ಚು. ಆದ್ದರಿಂದ ಕೇಪೋ ಹಾಕಿದ ಮೇಲೂ ಶ್ರುತಿ ನಿಲ್ಲುವ ಗಿಟಾರ್ ಎಂಬುದು ನನ್ನ ಪಟ್ಟಿಯ ಎರಡನೆಯ ಸಾಲಾಯಿತು. ಅಂಗಡಿಗಳಲ್ಲಿ ಗಿರಾಕಿಗೆ ಗಿಟಾರ್ ನುಡಿಸಿ ತೋರಿಸುವವರು ಕೇಪೋ ಹಾಕಿ ತೋರಿಸುವುದು ಅಪರೂಪ; ನಾವೇ ಕೇಳಬೇಕು.

ಹಳೆಯ ಗಿಟಾರಿನ ಎಲ್ಲ ಅಳತೆಗಳೂ ಇಷ್ಟದಿಂದ ಬಂದವಲ್ಲ ಎಂಬುದನ್ನು ಮಾತ್ರ ಮರೆಯಬಾರದು. 12ನೆಯ ಫ್ರೆಟ್‌ನ ಮೇಲೆ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಳೆದಾಗ ಮೂರೂವರೆ ಮಿಲಿಮೀಟರ್ ಬಂತು. ಒಳ್ಳೆಯ ಸ್ಥಿತಿಯಲ್ಲಿರುವ ಗಿಟಾರಿನಲ್ಲಿ ಅದು ಎರಡರಿಂದ ಎರಡೂವರೆ ಇರಬೇಕು. ವರ್ಷಗಳ ಎಳೆತಕ್ಕೆ ಕುತ್ತಿಗೆ ಬಾಗಿ, ಮೇಲ್ಹಲಗೆ ತಂತಿಗಳ ಕೆಳತುದಿ ಬಿಗಿದಿರುವ ಬ್ರಿಡ್ಜ್‌ನ ಬಳಿ ಉಬ್ಬಿ ತಂತಿ ಮೇಲೆದ್ದಿತ್ತು. ಅವರು ಅದನ್ನು ಬೆರಳಿನ ಬಲದಿಂದ ತಡೆದುಕೊಂಡು ಬಂದಿದ್ದರು. ಮೇಜಿನ ಖಾನೆಯಲ್ಲಿ ಸಿಕ್ಕ ತಂತಿಯ ಖಾಲಿ ಪೊಟ್ಟಣಗಳ ಮೇಲೆ 11–52 ಎಂದಿತ್ತು, ಎಂದರೆ ಅತಿ ಸಣ್ಣ ತಂತಿ ಒಂದು ಅಂಗುಲದ ಸಾವಿರದಲ್ಲಿ 11 ಭಾಗ ದಪ್ಪ. ಉಕ್ಕಿನ ತಂತಿಯ ಗಿಟಾರಿಗೆ ರೂಢಿಯಲ್ಲಿರುವುದು 12–53. ಇವರಿಗೆ ತೆಳು ತಂತಿಯ ನಾದ ಇಷ್ಟವೋ, ಅಥವಾ ತಂತಿ ಎತ್ತರಕ್ಕೆ ಎದ್ದಿರುವುದರಿಂದ ಬೆರಳಿನ ನೋವು ತಗ್ಗಿಸಿಕೊಳ್ಳಲು ತೆಳುವಾದದ್ದನ್ನು ಹಾಕುತ್ತಿದ್ದಾರೋ? ವಾದ್ಯವನ್ನು ಓದುವುದರಲ್ಲಿ ಇದೇ ಕಷ್ಟದ ಭಾಗ. ರುಚಿ ಯಾವುದು, ಸಹಿಸಿಕೊಂಡದ್ದು ಯಾವುದು ಎಂಬುದನ್ನು ಅಳತೆಪಟ್ಟಿ ಹೇಳುವುದಿಲ್ಲ. ಊಟದ ಹೊತ್ತಿನಲ್ಲಿ ಏನೋ ಮಾತಿಗೆ ಮಾತು ಬಂದಂತೆ ಕೇಳಿದೆ. ಮೊದಲು 12 ಹಾಕುತ್ತಿದ್ದೆ, ಆಮೇಲೆ ಬೆರಳು ತಡೆಯಲಿಲ್ಲ ಎಂದರು. ನಟ್ ಅಗಲವನ್ನು ಹಾಗೆಯೇ ಉಳಿಸಿಕೊಳ್ಳಬೇಕು, ತಂತಿಯ ಎತ್ತರವನ್ನು ಉಳಿಸಿಕೊಳ್ಳಬಾರದು ಎಂಬ ನಿರ್ಣಯಕ್ಕೆ ಈ ಒಂದು ವಾಕ್ಯವೇ ಆಧಾರವಾಯಿತು.

ದೇಹದ ಆಕಾರದ ವಿಷಯದಲ್ಲಿ ನನಗೆ ಅಂಗಡಿಯವರಿಗಿಂತ ವೇದಿಕೆಗಳೇ ಹೆಚ್ಚು ಕಲಿಸಿದವು. ಪೇಟೆಯಲ್ಲಿ ಎಲ್ಲೆಡೆ ಕಾಣುವ, ಸೊಂಟದ ಬಳಿ ಹೆಚ್ಚು ಒಳಸೇರದ ದೊಡ್ಡ ಗಿಟಾರಿಗೆ ಡ್ರೆಡ್‌ನಾಟ್ ಎಂದು ಹೆಸರು. ಅಮೆರಿಕದ ಮಾರ್ಟಿನ್ ಕಂಪನಿ ಅದನ್ನು 1916ರಲ್ಲಿ ಡಿಟ್ಸನ್ ಎಂಬ ವ್ಯಾಪಾರಿ ಸಂಸ್ಥೆಗಾಗಿ ಮೊದಲು ಮಾಡಿಕೊಟ್ಟಿತು. ಹೆಸರು ಬಂದದ್ದು 1906ರ ಬ್ರಿಟಿಷ್ ಯುದ್ಧನೌಕೆಯೊಂದರಿಂದ. ಒಬ್ಬನೇ ನಿಂತು ಹಾಡುತ್ತ ಮೀಟುವವನಿಗೆ ಅದರ ಮಂದ್ರದ ಗುಡುಗು ಬಹಳ ಚೆಂದ. ಆದರೆ ವಚನ ಗಾಯನದ ವೇದಿಕೆಯಲ್ಲಿ ತಬಲಾದ ಡಗ್ಗಾ ಆ ಮಂದ್ರವನ್ನು ಆಗಲೇ ಹಿಡಿದುಕೊಂಡಿರುತ್ತದೆ, ಹಾರ್ಮೋನಿಯಂ ನಡುವಿನ ಜಾಗವನ್ನು ತುಂಬಿರುತ್ತದೆ. ದೊಡ್ಡ ಗಿಟಾರಿನ ಗುಡುಗು ಅಲ್ಲಿ ಬರೀ ಗದ್ದಲಕ್ಕೆ ಸೇರಿಕೊಳ್ಳುತ್ತದೆ. ಡಾ. ಎಸ್.ಎಂ. ಪಂಡಿತ ರಂಗಮಂದಿರದಂಥ ಮುಚ್ಚಿದ ಸಭಾಂಗಣದಲ್ಲಿ ಹೇಗೋ ಸಂಭಾಳಿಸಬಹುದು. ಗಣೇಶೋತ್ಸವದ ಬಯಲು ವೇದಿಕೆಯಲ್ಲಿ ಧ್ವನಿವರ್ಧಕದ ಪೆಟ್ಟಿಗೆಗಳು ಪಕ್ಕದಲ್ಲೇ ಇರುವಾಗ ದೊಡ್ಡ ಡೊಳ್ಳಿನ ಗಿಟಾರ್ ಆ ಧ್ವನಿಯನ್ನೇ ಮತ್ತೆ ಹೀರಿಕೊಂಡು ಊಳಿಡತೊಡಗುತ್ತದೆ. ಬ್ರಿಡ್ಜ್ ಮೇಲೆ ತಂತಿಗಳನ್ನು ಹೊರುವ ಸಣ್ಣ ಪಟ್ಟಿಯಾದ ಸ್ಯಾಡಲ್ ಕೆಳಗೆ ಕೂರುವ ಪೀಜೋ ಪಿಕಪ್ ತಂತಿಯ ಒತ್ತಡವನ್ನೇ ವಿದ್ಯುತ್ತಾಗಿ ಬದಲಿಸುವುದರಿಂದ ಎದುರಿಗೆ ಮೈಕ್ ಇಡುವುದಕ್ಕಿಂತ ಊಳು ಕಡಿಮೆ. ಅದರ ನಾದ ಸ್ವಲ್ಪ ಒಣಗಲು ಎಂಬ ದೂರು ಕಲಾವಿದರಲ್ಲಿ ಇದ್ದೇ ಇದೆ. ಸೊಂಟ ಸಣ್ಣದಾದ, ಡೊಳ್ಳು ಚಿಕ್ಕದಾದ ಕನ್ಸರ್ಟ್ ಆಕಾರ, ಜೊತೆಗೆ ಒಳಗೇ ಕೂರಿಸಿದ ಪಿಕಪ್ ಎಂಬುದು ಈ ಎಲ್ಲದರ ಫಲವಾಗಿ ಬಂದ ಮೂರನೆಯ ಸಾಲು.

ಮರದ ಬಗ್ಗೆ ಅಂಗಡಿಗಳಲ್ಲಿಯೂ ಜಾಲದಲ್ಲಿಯೂ ನಡೆಯುವ ಚರ್ಚೆಗೆ ಕೊನೆಯಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಇಷ್ಟು. ನಾದದ ಬಹುಪಾಲು ಮೇಲ್ಹಲಗೆಯದು. ಅದು ಒಂದೇ ಮರದಿಂದ ಸೀಳಿದ ಹಲಗೆಯಾದರೆ ಮುಕ್ತವಾಗಿ ಮಿಡಿಯುತ್ತದೆ. ಪದರ ಪದರವಾಗಿ ಅಂಟಿಸಿದ್ದಾದರೆ ಗಟ್ಟಿಯಾಗಿರುತ್ತದೆ, ಬಿರುಕು ಬಿಡುವುದು ಕಡಿಮೆ, ನಾದವೂ ಸ್ವಲ್ಪ ಮೊಂಡು. ಸ್ಪ್ರೂಸ್ ಮರ ಜೋರು ಮೀಟಿಗೆ ತಡೆಯುತ್ತದೆ, ಸೀಡರ್ ಮೆಲ್ಲಗೆ ಮೀಟುವವರಿಗೆ ಬೇಗ ಓಗೊಡುತ್ತದೆ. ಬೆನ್ನಿಗೂ ಪಕ್ಕೆಗೂ ಜಗತ್ತಿನ ದೊಡ್ಡ ಕಂಪನಿಗಳು ಬಳಸುವ ಬೆಲೆಬಾಳುವ ಮರ ನಮ್ಮ ಪಶ್ಚಿಮ ಘಟ್ಟದ ಬೀಟೆ ಎಂಬುದು ನನಗೆ ಹೆಮ್ಮೆಯ ಸಂಗತಿಯಾಗಿ ಕಂಡಿತು. ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿಯೇ 1969ರಲ್ಲಿ ಬೀಟೆಗೆ ತಿರುಗಿತು. 2017ರ ಜನವರಿಯಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟು ಗಿಟಾರ್ ತಯಾರಕರು ಕಂಗಾಲಾಗಿದ್ದರು. 2019ರಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹೆಮ್ಮೆ ಹೆಮ್ಮೆಯ ಜಾಗದಲ್ಲಿರಲಿ, ಪೂರ್ತಿ ಅಖಂಡ ಬೀಟೆಯ ಬೆನ್ನಿನ ಗಿಟಾರನ್ನು ಕಲಬುರಗಿಗೆ ತರುವ ಧೈರ್ಯ ನನಗಾಗಲಿಲ್ಲ. ಕಾರಣ ನಮ್ಮೂರಿನ ಬೇಸಿಗೆ.

ಗಿಟಾರಿಗೆ ಒಗ್ಗುವ ಗಾಳಿಯ ತೇವಾಂಶ ಶೇಕಡಾ 45ರಿಂದ 55. ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟಿ, ಮಧ್ಯಾಹ್ನದ ಗಾಳಿ ಒಣಗಿ ಸುಡುವಾಗ ತೇವಾಂಶ ಅದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಆದ್ದರಿಂದ ಫ್ರೆಟ್‌ಗಳ ತುದಿ ಕುತ್ತಿಗೆಯ ಅಂಚಿನಿಂದ ಹೊರಬಂದು ಕೈಗೆ ಚುಚ್ಚುವುದು ಒಣಗಿದ ಗಿಟಾರಿನ ಮೊದಲ ಲಕ್ಷಣ. ಆಮೇಲೆ ಮೇಲ್ಹಲಗೆ ತಗ್ಗಿ, ತಂತಿ ಕೆಳಗಿಳಿದು ಫ್ರೆಟ್‌ಗೆ ತಾಗಿ ಝರ್ರೆನ್ನುತ್ತದೆ. ಕೊನೆಗೆ ಎಳೆಯುದ್ದಕ್ಕೂ ಬಿರುಕು. ಮಳೆಗಾಲದಲ್ಲಿ ಇದರ ತಿರುಗುಮುರುಗು: ಮರ ಉಬ್ಬಿ ತಂತಿ ಎತ್ತರಕ್ಕೆ ಏಳುತ್ತದೆ. ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕೂ ಇದೆ. ಬೇಸಿಗೆಯಲ್ಲಿ ನಮಗೆ ಕೂಲರ್ ಇಲ್ಲದೆ ನಡೆಯದು, ಮತ್ತು ಕೂಲರ್ ನೀರಿನ ತೇವವನ್ನೇ ಗಾಳಿಗೆ ಬೆರೆಸಿ ತಂಪು ಕೊಡುವ ಯಂತ್ರ. ಅದರ ಮುಂದಿಟ್ಟ ಗಿಟಾರ್ ಸಂಜೆಯವರೆಗೆ ತೇವ ಕುಡಿದು, ಕೂಲರ್ ನಿಂತ ಮೇಲೆ ಒಣಗಿ, ದಿನಕ್ಕೊಮ್ಮೆ ಮಳೆಗಾಲ ಬೇಸಿಗೆ ಎರಡನ್ನೂ ಕಾಣುತ್ತದೆ. ಏರ್ ಕಂಡೀಷನರ್ ಇರುವವರ ಮನೆಯಲ್ಲಿ ಗಾಳಿ ಇನ್ನಷ್ಟು ಒಣಗುತ್ತದೆ ಅಷ್ಟೆ. ಇವುಗಳಿಗೆಲ್ಲ ಇರುವ ಪರಿಹಾರ ಬಹಳ ಸಾದಾ: ನುಡಿಸದಿರುವಾಗ ಗಿಟಾರ್ ಪೆಟ್ಟಿಗೆಯೊಳಗೆ ಇರಬೇಕು, ಪೆಟ್ಟಿಗೆಯೊಳಗೆ ತೇವಾಂಶ ತೋರಿಸುವ ಸಣ್ಣ ಮಾಪಕ ಇರಬೇಕು, ಬೇಸಿಗೆಯಲ್ಲಿ ತೂತಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇರಬೇಕು. ಗೋಡೆಗೆ ತೂಗುಹಾಕುವ ಚೆಂದದ ಕೊಕ್ಕೆಗಳು ಕಲಬುರಗಿಗೆ ಹೇಳಿಮಾಡಿಸಿದವಲ್ಲ.

ಹಾಗಾಗಿ ಮೇಲ್ಹಲಗೆ ಅಖಂಡ ಸ್ಪ್ರೂಸ್, ಬೆನ್ನು ಪಕ್ಕೆಗಳು ಪದರದವು ಎಂಬ ಕೂಡಿಕೆ ನಮಗೆ ಸರಿ ಎನಿಸಿತು. ನಾದಕ್ಕೆ ಬೇಕಾದ ಜಾಗದಲ್ಲಿ ಹಣ ಹಾಕಿ, ಬಿಸಿಲು ಹೊಡೆಯುವ ಜಾಗದಲ್ಲಿ ಗಟ್ಟಿತನ ಉಳಿಸಿಕೊಂಡಂತಾಯಿತು. ಈ ಎಲ್ಲ ಸಾಲುಗಳಿಗೆ ಹೊಂದಿದವುಗಳಲ್ಲಿ ಯಮಾಹಾದ ಎಫ್‌ಎಸ್‌ಎಕ್ಸ್ 800ಸಿ ಒಂದು. ಅದರ ತಂತಿಯ ಉದ್ದ 634 ಮಿಲಿಮೀಟರ್, ಅಂದರೆ ಹಳೆಯದಕ್ಕಿಂತ 16 ಕಡಿಮೆ. ಇದು ಅವರ ಕೈಯನ್ನು ಎಡವಿಸುತ್ತದೆಯೇ ಎಂದು ಲೆಕ್ಕ ಹಾಕಿದೆ. ಪ್ರತಿ ಫ್ರೆಟ್ ಉಳಿದ ಉದ್ದವನ್ನು ಎರಡರ ಹನ್ನೆರಡನೆಯ ಮೂಲದಿಂದ, ಅಂದರೆ 1.0595ರಿಂದ, ಭಾಗಿಸುತ್ತ ಹೋಗುತ್ತದೆ. ಅದರಂತೆ ಮೊದಲ ಫ್ರೆಟ್ 650ರ ಗಿಟಾರಿನಲ್ಲಿ ನಟ್‌ನಿಂದ ಸುಮಾರು 36.5 ಮಿಲಿಮೀಟರ್ ದೂರ, 634ರದರಲ್ಲಿ 35.6. ಒಂದು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸ. ತಂತಿಯ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ ಅದೇ ತಂತಿ, ಅದೇ ಶ್ರುತಿಗೆ ಶೇಕಡಾ 5ರಷ್ಟು ಮೆತ್ತಗಾಗುತ್ತದೆ. ಹಾಗಾದರೆ ಅವರು ಮತ್ತೆ 12ರ ತಂತಿಗೆ ಮರಳಬಹುದು. ಲೆಕ್ಕಪತ್ರದವಳಿಗೆ ಇದಕ್ಕಿಂತ ಸಂತೋಷದ ಲೆಕ್ಕ ಮತ್ತೊಂದು ಸಿಕ್ಕಿರಲಿಲ್ಲ.

ಅವರು ಹಿಂದೂಸ್ತಾನಿ ಸಂಗೀತವನ್ನು ಪ್ರೀತಿಸುವವರಾದ್ದರಿಂದ ಸ್ಲೈಡ್ ಗಿಟಾರ್ ಕೊಡಬಹುದಲ್ಲ ಎಂದು ಕೆಲವರು ಸೂಚಿಸಿದರು. ಫ್ರೆಟ್‌ಗಳ ಸಮಪಾಲಿನ ಸ್ವರಗಳಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಯ, ಹುಟ್ಟುವುದಿಲ್ಲ ಎಂಬುದು ನಿಜ. ಬ್ರಿಜ್‌ಭೂಷಣ್ ಕಾಬ್ರಾ ಗಿಟಾರನ್ನು ಮಡಿಲಲ್ಲಿ ಮಲಗಿಸಿ ಲೋಹದ ಸರಳಿನಿಂದ ರಾಗ ನುಡಿಸಿದ್ದು, ವಿಶ್ವಮೋಹನ ಭಟ್ಟರು ತರಬಿನ, ಅಂದರೆ ತಾವಾಗಿಯೇ ಅನುರಣಿಸುವ, ತಂತಿಗಳನ್ನು ಸೇರಿಸಿ ಮೋಹನ ವೀಣೆ ರೂಪಿಸಿ 1994ರಲ್ಲಿ ಗ್ರ್ಯಾಮಿ ಪಡೆದದ್ದು ಆ ಕೊರತೆಯನ್ನು ದಾಟಿದ ದಾರಿಗಳು. ಆದರೆ ಅದು ಬೇರೆಯದೇ ವಿದ್ಯೆ. ಗಾಯಕರ ಹಿಂದೆ ಕುಳಿತು ಸಾಥ್ ಕೊಡುವವರಿಗೆ ನಲವತ್ತು ದಾಟಿದ ಮೇಲೆ ಹೊಸ ವಿದ್ಯೆಯನ್ನು ಉಡುಗೊರೆಯ ಹೆಸರಿನಲ್ಲಿ ಹೊರಿಸುವುದು ನ್ಯಾಯವಲ್ಲ.

ಇನ್ನು ಅಚ್ಚರಿಯ ಪ್ರಶ್ನೆ. ಕಟ್ಟಿದ ಪೆಟ್ಟಿಗೆಯನ್ನು ದಿಢೀರನೆ ಮುಂದಿಟ್ಟು ಅವರ ಮುಖ ನೋಡುವ ಆಸೆ ಯಾರಿಗಿರುವುದಿಲ್ಲ? ಆದರೂ ಅದನ್ನು ನಾನು ಬಿಟ್ಟುಕೊಟ್ಟೆ. ಒಂದೇ ಮಾದರಿಯ ಎರಡು ಗಿಟಾರುಗಳು ಒಂದೇ ರೀತಿ ನುಡಿಯುವುದಿಲ್ಲ, ಏಕೆಂದರೆ ಒಂದೇ ದಿಮ್ಮಿಯ ಎರಡು ಹಲಗೆಗಳೂ ಸಮನಾಗಿರುವುದಿಲ್ಲ. ಕೊನೆಯ ಆಯ್ಕೆ ಕೈಯದಾಗಬೇಕು. ನಮ್ಮೂರ ಅಂಗಡಿಗಳಲ್ಲಿ ಹಾರ್ಮೋನಿಯಂ ತಬಲಾಗಳ ನಡುವೆ ಕಲಿಯುವವರ ಗಿಟಾರುಗಳೇ ಹೆಚ್ಚು, ಆನ್‌ಲೈನಿನಲ್ಲಿ ತರಿಸಿದರೆ ನುಡಿಸಿ ನೋಡುವ ಅವಕಾಶವಿಲ್ಲ. ಹೀಗಾಗಿ ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಹೋಗುವ ರೈಲಿನಲ್ಲಿ ಇಬ್ಬರೂ ಹೈದರಾಬಾದಿಗೆ ಹೋದೆವು. ಎಲ್ಲಿಗೆ, ಏಕೆ ಎಂಬುದು ಅಂಗಡಿಯ ಬಾಗಿಲಿನವರೆಗೆ ಅವರಿಗೆ ಗೊತ್ತಿರಲಿಲ್ಲ. ಅಷ್ಟು ಅಚ್ಚರಿ ಸಾಕು.

ಅಂಗಡಿಯಲ್ಲಿ ಸಂಗೀತ ಬಾರದವರೂ ಮಾಡಬಹುದಾದ ಪರೀಕ್ಷೆಗಳನ್ನು ನಾನೇ ಮಾಡಿದೆ. ಮೊದಲ ಫ್ರೆಟ್‌ನಲ್ಲಿಯೂ ಕುತ್ತಿಗೆ ಡೊಳ್ಳಿಗೆ ಸೇರುವ ಫ್ರೆಟ್‌ನಲ್ಲಿಯೂ ಒಂದೇ ತಂತಿಯನ್ನು ಒಟ್ಟಿಗೆ ಒತ್ತಿದಾಗ ಏಳನೆಯ ಫ್ರೆಟ್‌ನ ಬಳಿ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ 0.2ರಿಂದ 0.3 ಮಿಲಿಮೀಟರ್, ಸಂದು ಇರಬೇಕು. ಹೆಚ್ಚಿದ್ದರೆ ಕುತ್ತಿಗೆಯೊಳಗೆ ಅದರ ಬಾಗನ್ನು ಹೊಂದಿಸಲು ಇರುವ ಲೋಹದ ಸರಳಾದ ಟ್ರಸ್ ರಾಡ್ ತಿರುಗಿಸಿ ಸರಿಪಡಿಸುವಂತೆ ಅಲ್ಲಿಯೇ ಕೇಳಬೇಕು. 12ನೆಯ ಫ್ರೆಟ್‌ನ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಫೋನಿನ ಟ್ಯೂನರಿನಲ್ಲಿ ಒಂದೇ ತೋರಿಸಬೇಕು. ಕೇಪೋ ಹಾಕಿ ಇದನ್ನೇ 13ನೆಯ ಫ್ರೆಟ್‌ನಲ್ಲಿ ಮಾಡಬೇಕು. ಪ್ರತಿ ತಂತಿಯನ್ನು ಪ್ರತಿ ಫ್ರೆಟ್‌ನಲ್ಲಿ ಒತ್ತಿ ಝರ್ರೆನ್ನುವ ಜಾಗವಿದೆಯೇ ಎಂದು ಕೇಳುವುದು ಬೇಸರದ ಕೆಲಸ, ಆದರೆ ಅಂಗಡಿಯವರ ಮುಖಭಾವಕ್ಕೆ ಅಂಜಿ ಇದನ್ನು ಬಿಡಬಾರದು. ಪರೀಕ್ಷೆಯಲ್ಲಿ ಉಳಿದ ಎರಡನ್ನು ಅವರ ಕೈಗೆ ಕೊಟ್ಟೆ. ಮೊದಲ ಫ್ರೆಟ್‌ಗೆ ಕೇಪೋ ಬಿಗಿದು ಎರಡರಲ್ಲಿಯೂ ಒಂದೇ ವಚನದ ಸಾಥ್ ನುಡಿಸಿದರು. ಮೇಲ್ಹಲಗೆಯ ಎಳೆ ಸ್ವಲ್ಪ ಓರೆಯಾಗಿದ್ದ, ನಾನಾಗಿದ್ದರೆ ಬದಿಗಿಡುತ್ತಿದ್ದ ಗಿಟಾರನ್ನು ಅವರು ಕೆಳಗಿಡಲಿಲ್ಲ.

ಹಣದ ಲೆಕ್ಕದಲ್ಲಿ ಒಂದು ಮಾತು. ಕೈಯಲ್ಲಿರುವ ಮೊತ್ತವನ್ನೆಲ್ಲ ಗಿಟಾರಿಗೇ ಸುರಿಯಬಾರದು. ಐದರಲ್ಲೊಂದು ಪಾಲನ್ನು ಗಟ್ಟಿ ಪೆಟ್ಟಿಗೆ, ತೇವಾಂಶದ ಮಾಪಕ, ಒತ್ತಡವನ್ನು ಸ್ಕ್ರೂನಿಂದ ಹೊಂದಿಸಬಹುದಾದ ಕೇಪೋ, ಎರಡು ಸೆಟ್ ತಂತಿ ಮತ್ತು ಮೊದಲ ಹೊಂದಾಣಿಕೆಯ ಕೂಲಿಗೆ ತೆಗೆದಿಡಬೇಕು. ಗಿಟಾರ್ ಊರಿಗೆ ಬಂದ ಕೆಲವು ವಾರಗಳಲ್ಲಿ ಇಲ್ಲಿನ ಗಾಳಿಗೆ ಕುತ್ತಿಗೆ ಕದಲುವುದು ಸಹಜ, ಆಗ ಇನ್ನೊಮ್ಮೆ ಟ್ರಸ್ ರಾಡ್ ಮುಟ್ಟಬೇಕಾಗುತ್ತದೆ. ಹಳೆಯದನ್ನು ಅಂಗಡಿಗೆ ಕೊಟ್ಟು ಬೆಲೆ ಇಳಿಸಿಕೊಳ್ಳುವ ಮಾತು ಬಂದಿತ್ತು, ನಾವು ಒಪ್ಪಲಿಲ್ಲ. ಸೇಡಂ, ಚಿತ್ತಾಪುರ, ಅಫಜಲಪುರದ ಕಡೆ ಕಾರ್ಯಕ್ರಮಕ್ಕೆ ಹೋಗುವಾಗ ವಾದ್ಯಗಳು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಗಂಟೆಗಟ್ಟಲೆ ಇರಬೇಕಾಗುತ್ತದೆ, ಮುಚ್ಚಿದ ಗಾಡಿಯ ಒಳಗಿನ ಶಾಖ ಬ್ರಿಡ್ಜ್‌ನ ಅಂಟನ್ನು ಸಡಿಲಿಸುವಷ್ಟು ಏರಬಲ್ಲದು. ಅಂಥ ಪ್ರಯಾಣಗಳಿಗೆ ಪದರದ ಹಲಗೆಯ ಹಳೆಯ ಗಿಟಾರೇ ಹೋಗುತ್ತದೆ. ಸ್ಯಾಡಲ್ ಉಜ್ಜಿಸಿ ಅದರ ತಂತಿಯ ಎತ್ತರವನ್ನೂ ಎರಡೂವರೆ ಮಿಲಿಮೀಟರಿಗೆ ಇಳಿಸಿದ್ದೇವೆ.